ಪದವಿನ ಮೇಲೆ ವಿಮಾನ

ಮೂಡುಬಿದಿರೆ, ಶಿರ್ತಾಡಿ, ಬಂಟ್ವಾಳಗಳ ಸೀಮೆಯಲ್ಲಿ ತಿರುಗಿದವರಿಗೆ ಅಲ್ಲಿನ ನೆಲದ ಗುಣ ಪರಿಚಿತ. ತಗ್ಗಿನಲ್ಲಿ ಗದ್ದೆ, ಅಡಕೆ ತೋಟ. ಮೇಲೆ ಮುರಕಲ್ಲಿನ ಗುಡ್ಡ. ಗುಡ್ಡದ ನೆತ್ತಿಯ ಬಯಲಿಗೆ ಜನರು ಇಟ್ಟ ಹೆಸರು ಪದವು. ತಗ್ಗಿನ ಸಮನೆಲವೆಲ್ಲ ಬೇಸಾಯಕ್ಕೆ ಸಂದದ್ದು. ಮಳೆಗಾಲದಲ್ಲಿ ನೀರು ನಿಲ್ಲುವಂಥದ್ದು. ಆದ್ದರಿಂದ ಈ ಸೀಮೆಗೆ ವಿಮಾನ ಬಂದಾಗ ಅದು ಗುಡ್ಡದ ನೆತ್ತಿಯನ್ನೇ ಹುಡುಕಬೇಕಾಯಿತು. ಹಾಗೆ ಆಯ್ಕೆಯಾದದ್ದು ಮಂಗಳೂರಿನ ಹೊರಗಿನ ಬಜ್ಪೆ.

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರಿದ್ದ ಡಕೋಟಾ ಇಲ್ಲಿ ಇಳಿಯಿತು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದ ಜಿಲ್ಲೆ. ಮುಂದೆ ದಶಕಗಳ ಕಾಲ ಬಳಕೆಯಲ್ಲಿದ್ದ ರನ್‌ವೇಯ ಉದ್ದ ಸುಮಾರು 1,600 ಮೀಟರು. ಡಕೋಟಾ, ಆವ್ರೋಗಳಂಥ ಚಿಕ್ಕ ವಿಮಾನಗಳಿಗೆ ಇಷ್ಟು ಸಾಕು. ಬೋಯಿಂಗ್ 737 ಬಂದಾಗ ಮಾತ್ರ ಅದು ಇಕ್ಕಟ್ಟಾಯಿತು. ಭಾರ ಹೆಚ್ಚಿದಷ್ಟೂ ಏರಲು, ನಿಲ್ಲಲು ಹೆಚ್ಚು ದೂರ ಬೇಕು. ರನ್‌ವೇ ಗಿಡ್ಡವಾದರೆ ಇಂಧನವನ್ನೋ ಜನರನ್ನೋ ಕಡಿಮೆ ಮಾಡಬೇಕು.

ಬಯಲುಸೀಮೆಯ ನಿಲ್ದಾಣದಲ್ಲಿ ರನ್‌ವೇ ಮುಗಿದ ಮೇಲೂ ನೆಲವಿರುತ್ತದೆ. ಪದವಿನ ಅಂಚಿನಾಚೆಗೆ ಇರುವುದು ಕಮರಿ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಆವ್ರೋ ಒಂದು ಒದ್ದೆ ರನ್‌ವೇಯನ್ನು ದಾಟಿ, ಅಂಚಿನಾಚೆ ಸ್ವಲ್ಪದರಲ್ಲೇ ನಿಂತಿತು. ವಿಮಾನ ಕೆಟ್ಟಿತು, ಜೀವಗಳು ಉಳಿದವು.

2006ರಲ್ಲಿ 2,450 ಮೀಟರಿನ ಎರಡನೆಯ ರನ್‌ವೇ ತೆರೆಯಿತು. 2010ರ ಮೇ ತಿಂಗಳಲ್ಲಿ ಕೆಂಜಾರಿನ ಕಡೆ ಹೊಸ ನಿಲ್ದಾಣದ ಉದ್ಘಾಟನೆಯೂ ಆಯಿತು. ಬಜ್ಪೆಯ ಹಳೆಯ ಕಟ್ಟಡದಲ್ಲಿ ಪ್ರಯಾಣಿಕರನ್ನು ಕಳುಹಿಸುವ, ಎದುರುಗೊಳ್ಳುವ ಕಾಲ ಮುಗಿಯುತ್ತ ಬಂದಿತು. ಅದೇ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಹೊಸ ರನ್‌ವೇಯನ್ನು ಮೀರಿ ಕಮರಿಗೆ ಬಿದ್ದಿತು. 158 ಜನ ಮಡಿದರು, ಎಂಟು ಮಂದಿ ಉಳಿದರು.

ತನಿಖೆಯಲ್ಲಿ ಕಂಡ ಒಂದು ಲೆಕ್ಕ ಯೋಚನೆಗೆ ತಕ್ಕದ್ದು. ರನ್‌ವೇಯ ಮೊದಲಿನಿಂದ ಸುಮಾರು 5,200 ಅಡಿ ಕಳೆದ ಮೇಲೆ ವಿಮಾನ ನೆಲ ಮುಟ್ಟಿತ್ತು. ಹಳೆಯ ರನ್‌ವೇಯ ಇಡೀ ಉದ್ದ ಬಹುಮಟ್ಟಿಗೆ ಇಷ್ಟೇ! ಸರಿಯಾಗಿ ಇಳಿಯುತ್ತಿಲ್ಲವೆಂದು ಕಂಡಾಗ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರದಿದ್ದುದೇ ಮುಖ್ಯ ಕಾರಣವೆಂದು ತನಿಖೆ ಹೇಳಿತು.

ಹಳೆಯ ರನ್‌ವೇ ಗಿಡ್ಡದೆಂಬುದು ಎಲ್ಲರಿಗೂ ಕಾಣುತ್ತಿತ್ತು. ಹೊಸದು ಉದ್ದವಾಯಿತು, ಗುಡ್ಡದ ಅಂಚು ಮಾತ್ರ ಅಂಚಾಗಿಯೇ ಉಳಿಯಿತು. ಪದವಿನ ಮೇಲೆ ವಿಮಾನ ಇಳಿಸುವವರು ರನ್‌ವೇಯ ಉದ್ದದೊಡನೆ ಅದರಾಚೆ ಉಳಿದ ನೆಲವನ್ನೂ ಅಳೆಯಬೇಕು.