ಎಣಿಕೆಗೆ ಬಾರದ ಗಾಯಗಳು

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಓಡುಹಾದಿಯನ್ನು ಮುಟ್ಟಲಾರದೆ, ಅದಕ್ಕೆ ತುಸು ಈಚೆಗಿದ್ದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು ಉರಿದುಹೋಯಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಗತಿಸಿದರು. ಅಂಥ ದುರಂತದಿಂದ ಬದುಕಿ ಬಂದವನು ಎಷ್ಟೋ ವರ್ಷಗಳ ತರುವಾಯ ಇಂದಿರಾನಗರದ ಮೇಲೆ ಹಾರುವ ವಿಮಾನದ ಮೊರೆತಕ್ಕೆ ಬೆವತು ನಡುಗಿದರೆ ಯಾರೂ ಅವನನ್ನು ಹಳಿಯಲಾರರು. ಅವನ ಭಯಕ್ಕೆ ಜಗತ್ತು ಕಂಡ ಕಾರಣವೊಂದಿದೆ. ಆದರೆ ಅದೇ ಆಕಾಶದ ಕೆಳಗೆ, ಹಲಸೂರಿನ ಓಣಿಗಳಲ್ಲಿಯೂ ಕೃಷ್ಣರಾಜಪುರದ ಬಳಿಯ ದೂರವಾಣಿನಗರದ ಮನೆಗಳಲ್ಲಿಯೂ, ಯಾವ ವಿಚಾರಣಾ ಆಯೋಗದ ವರದಿಗೂ ಸೇರದ ನೋವುಗಳು ಎಷ್ಟಿಲ್ಲ! ಕುಡಿದು ಬರುವ ತಂದೆ ಬಾಗಿಲ ಚಿಲಕಕ್ಕೆ ಕೈಯಿಟ್ಟ ಸದ್ದನ್ನು ಪ್ರತಿರಾತ್ರಿಯೂ ಉಸಿರು ಬಿಗಿಹಿಡಿದು ಆಲಿಸುತ್ತ ಬೆಳೆದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಆತನು ಅವಳ ಮೇಲೆ ಎಂದೂ ಕೈಮಾಡಿರಲಿಕ್ಕಿಲ್ಲ. ನಲವತ್ತರ ವಯಸ್ಸಿನಲ್ಲಿ, ತನ್ನದೇ ಮನೆಯಲ್ಲಿ, ಸಾಧುವಾದ ಗಂಡನು ಚಿಲಕ ಸರಿಸಿದೊಡನೆ ಅವಳ ಎದೆ ಡವಗುಟ್ಟುವುದು, ಕಾರಣವಿಲ್ಲದೆ ಸಿಡುಕು ಮೇಲೇಳುವುದು. "ಅಷ್ಟಕ್ಕೆಲ್ಲ ಯಾಕಮ್ಮ ಹೀಗಾಡ್ತೀಯ?" ಎಂಬ ಮನೆಯವರ ಮಾತಿಗೆ ಅವಳಲ್ಲಿ ಉತ್ತರವಿಲ್ಲ; ತನಗೆ ಆದದ್ದು ಆಘಾತವೆಂದು ಅವಳೇ ಒಪ್ಪಿರುವುದಿಲ್ಲ.

ವಿಜ್ಞಾನದ ದೃಷ್ಟಿಯಲ್ಲಿ ಆ ಚಿಲಕದ ಸದ್ದೂ ವಿಮಾನದ ಮೊರೆತವೂ ಒಂದೇ ದಾರಿಯಲ್ಲಿ ಸಂಚರಿಸುತ್ತವೆ. ಮಿದುಳಿನ ಆಳದಲ್ಲಿ, ಎರಡು ಪಾರ್ಶ್ವಗಳಲ್ಲಿಯೂ, ಬಾದಾಮಿಯಾಕಾರದ ಅಮಿಗ್ಡಲವೆಂಬ ಭಾಗವುಂಟು. ಅಪಾಯದೊಡನೆ ಒಮ್ಮೆ ಬೆಸೆದುಕೊಂಡ ಸದ್ದು, ವಾಸನೆ, ದನಿಯ ಏರಿಳಿತಗಳನ್ನು ಅದು ಗುರುತಿಟ್ಟುಕೊಂಡಿದ್ದು, ಅಂಥದೇ ಸುಳಿವು ಮತ್ತೆ ಬಂದಾಗ ವಿವೇಚನೆಯು ಎಚ್ಚರಗೊಳ್ಳುವುದಕ್ಕೆ ಮೊದಲೇ ಹೃದಯದ ಬಡಿತವನ್ನೂ ಉಸಿರಾಟವನ್ನೂ ಏರಿಸಿಬಿಡುತ್ತದೆ. ಆ ಹಳೆಯ ಘಟನೆ ಎಲ್ಲಿ, ಎಂದು ನಡೆಯಿತೆಂಬ ನೆನಪನ್ನು ಕಟ್ಟಿಕೊಡಬೇಕಾದದ್ದು ನೆರೆಯ ಹಿಪೊಕ್ಯಾಂಪಸ್. ಒತ್ತಡದಲ್ಲಿ ಅದರ ಕಾರ್ಯ ಕುಗ್ಗಿದಾಗ ಹಳೆಯ ಭಯವು ತಾನು ಹಳೆಯದೆಂಬ ಗುರುತನ್ನೇ ಕಳೆದುಕೊಂಡು, ಈ ಕ್ಷಣದ ಅಪಾಯವಾಗಿಯೇ ತೋರುತ್ತದೆ.

ಈ ವಿಷಯದಲ್ಲಿ ಜಗತ್ತು ಗಮನಿಸಿದ ಕೆಲವು ಪ್ರಯೋಗಗಳು ನಮ್ಮ ಬೆಂಗಳೂರಿನಲ್ಲಿಯೇ ನಡೆದವೆಂಬುದು ಸಂತೋಷದ ಸಂಗತಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿಯವರೂ ಅವರ ಸಂಗಡಿಗರೂ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿಟ್ಟು ನೋಡಿದಾಗ, ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಮುರುಟಿದ್ದುವು, ಅಮಿಗ್ಡಲದ ಕವಲುಗಳಾದರೋ ಹಬ್ಬಿ ಬೆಳೆದಿದ್ದುವು. 2002ರಲ್ಲಿ ಪ್ರಕಟವಾದ ಈ ಶೋಧಕ್ಕೆ ಎರಡು ವರ್ಷಗಳ ಬಳಿಕ ಇನ್ನೊಂದು ಸೇರಿತು: ಇಲಿಗಳಿಗೆ 21 ದಿನ ನೆಮ್ಮದಿಯಾಗಿರಲು ಬಿಟ್ಟ ಮೇಲೆ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲದ ಬೆಳವಣಿಗೆ ಮಾತ್ರ ಹಾಗೆಯೇ ಉಳಿಯಿತು. ನನಗೆ ಎಲ್ಲಕ್ಕಿಂತ ಗಂಭೀರವಾಗಿ ತೋರುವುದು 2005ರ ಪ್ರಯೋಗ. ಒಂದೇ ಒಂದು ಸಲ 2 ಗಂಟೆ ಬಂಧಿತವಾದ ಇಲಿಯ ಅಮಿಗ್ಡಲದಲ್ಲಿ ಮರುದಿನ ಯಾವ ಮಾರ್ಪಾಡೂ ಕಾಣಲಿಲ್ಲ. 10 ದಿನ ಕಳೆದ ಮೇಲೆ ಹೊಸ ನರಸಂಪರ್ಕದ ಮುಳ್ಳುಗಳು ಹೆಚ್ಚಿದ್ದುವು, ಆತಂಕವೂ ಹೆಚ್ಚಿತ್ತು. ಇಲಿಯ ಮಿದುಳಿನಿಂದ ಮನುಷ್ಯನ ದುಃಖವನ್ನು ಅಳೆಯಲಾಗದು, ನಿಜ. ಆದರೂ "ಆಗ ಚೆನ್ನಾಗಿಯೇ ಇದ್ದಳಲ್ಲ, ಈಗೇನು ಹೊಸದಾಗಿ?" ಎಂದು ಕೇಳುವ ನೆಂಟರು ಈ ಪ್ರಯೋಗವನ್ನು ಅರಿಯಬೇಕೆಂದು ನನ್ನ ಆಸೆ. ಆಗ ಚೆನ್ನಾಗಿದ್ದುದು ಗಾಯವಾಗಿರಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ವಾಸಿಯಾಗುವುದೆಂದರೇನು? ಕಲಿತ ಭಯವು ಅಳಿಸಿಹೋಗುವುದೆಂದು ನಾವು ಭಾವಿಸುತ್ತೇವೆ. ಬಹುಮಟ್ಟಿಗೆ ಅದು ಅಳಿಯುವುದಿಲ್ಲ. ಗಂಟೆಯಾದರೆ ಆಹಾರ ಬರುವುದೆಂದು ಕಲಿತ ನಾಯಿಗೆ ಬರಿದೆ ಗಂಟೆ ಬಾರಿಸಿ ಆಹಾರ ಕೊಡದಿದ್ದರೆ ಅದರ ಜೊಲ್ಲು ಕ್ರಮೇಣ ನಿಂತರೂ ಕೆಲಕಾಲದ ಮೇಲೆ ಗಂಟೆಯ ಸದ್ದಿಗೆ ತಾನಾಗಿ ಮರಳುವುದನ್ನು ರಷ್ಯದ ವಿಜ್ಞಾನಿ ಪಾವ್ಲೋವ್ ಎಂದೋ ಕಂಡಿದ್ದನು. ಹಳೆಯ ಪಾಠದ ಮೇಲೆ ಹೊಸ ಪಾಠವೊಂದು ಕೂರುತ್ತದೆ, ಅಷ್ಟೆ: 'ಈ ಸದ್ದು ಬಂದರೂ ಕೇಡಾಗಲಿಲ್ಲ.' ಈ ಹೊಸ ಪಾಠಕ್ಕೆ ಒಂದು ವಿಚಿತ್ರ ಮಿತಿಯುಂಟು. ಭಯವು ಎಲ್ಲಿಗೆ ಬೇಕಾದರೂ ಹಿಂಬಾಲಿಸಿ ಬರುವಾಗ, ಅಭಯವು ತಾನು ಕಲಿತ ಜಾಗಕ್ಕೇ ಅಂಟಿಕೊಂಡಿರುತ್ತದೆ. ಆದುದರಿಂದಲೇ ವೈದ್ಯರ ಕೊಠಡಿಯಲ್ಲಿ ಶಾಂತಳಾದವಳು ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಯಾರೋ ಕುಡುಕನು ಕೂಗಿದಾಗ ಮತ್ತೆ ನಡುಗುವಳು. ಚಿಕಿತ್ಸೆ ವ್ಯರ್ಥವಾಯಿತೆಂದು ಅಳುವಳು. ಅದು ಸೋಲಲ್ಲ. ಆ ಪಾಠವನ್ನು ಅಲ್ಲಿ ಇನ್ನೂ ಕಲಿತಿಲ್ಲ. ಬಲ್ಲ ಚಿಕಿತ್ಸಕರು ಅವಳಿಂದ ಎಲ್ಲವನ್ನೂ ಒಮ್ಮೆಗೇ ಹೇಳಿಸಲು ಹೋಗದೆ, ಮೊದಲು ಆ ಸದ್ದಿನ ನೆನಪು, ಅನಂತರ ಸದ್ದು, ಆಮೇಲೆ ತನ್ನ ಮನೆಯ ಬಾಗಿಲು, ಕಡೆಗೆ ಬೀದಿ, ಹೀಗೆ ಅವಳು ತಾಳಿಕೊಳ್ಳಬಲ್ಲಷ್ಟನ್ನೇ, ಬೇರೆಬೇರೆ ಎಡೆಗಳಲ್ಲಿ, ಮತ್ತೆಮತ್ತೆ ಎದುರಿಸುವಂತೆ ಮಾಡುತ್ತಾರೆ. ಗಂಡನು ಚಿಲಕ ತೆಗೆಯುವ ಮುನ್ನ "ನಾನೇ ಬಂದೆ" ಎಂದು ಹೊರಗಿನಿಂದ ಕೂಗುವುದು ಮೊದಲ ದಿನಗಳಲ್ಲಿ ದೊಡ್ಡ ಉಪಕಾರ. ದಿನ ಕಳೆದಂತೆ ಅದನ್ನು ಬಿಡುವುದೂ ಆ ಅಭ್ಯಾಸದ ಭಾಗವೇ.

ಇದಕ್ಕೆ ನೆರವು ದೂರದಲ್ಲಿಲ್ಲ. ಹೊಸೂರು ರಸ್ತೆಯಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆಯಾದ ನಿಮ್ಹಾನ್ಸ್ ಇದೆ. ಆಸ್ಪತ್ರೆಯ ಮೆಟ್ಟಿಲೇರಲು ಅಳುಕುವವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ, 14416 ಎಂಬ ಸಂಖ್ಯೆಗೆ, ಹಗಲಿರುಳು ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಹಾಗೆ ಮಾತಾಡುವುದಕ್ಕೆ ತಮ್ಮ ನೋವು ದೊಡ್ಡದೆಂದು ಮೊದಲು ಯಾರೆದುರಿಗೂ ರುಜುವಾತು ಮಾಡಬೇಕಾಗಿಲ್ಲ.