ಕನ್ನಡದ ದುಂಡು ದಪ್ಪಕ್ಷರ: ರೂಪ ಮತ್ತು ಬಳಕೆ

ಕನ್ನಡ ಲಿಪಿಯು ಸ್ವಭಾವತಃ ದುಂಡಗಿನದು. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಶಾಸನದಲ್ಲಿ (ಕ್ರಿ.ಶ. 1509–10) ಕನ್ನಡದ ಬಾಗುಗೆರೆಗಳು ಉಳಿಯ ತೆಳುಗೆರೆಯಲ್ಲಿ ಮೂಡಿವೆ. ಇಂದಿನ ನಾಮಫಲಕ, ಭಿತ್ತಿಪತ್ರ ಹಾಗೂ ಪುಸ್ತಕದ ಹೊದಿಕೆಗಳು ಅದೇ ಬಾಗನ್ನು ದಪ್ಪಗೆರೆಯಲ್ಲಿ ಬಯಸುತ್ತವೆ. ಗೆರೆಯು ದಪ್ಪವಾದಂತೆ ಅಕ್ಷರದ ಗುರುತನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆಯಾಗಿದೆ.

ಈ ಬಗೆಯ ಅಕ್ಷರವಿನ್ಯಾಸಕ್ಕೆ 'ಬಾಲೂ ತಮ್ಮ' ಉತ್ತಮ ನಿದರ್ಶನ. ಮುಂಬಯಿಯ ಏಕ್ ಟೈಪ್ ಸಂಸ್ಥೆಯು 2010ರ ದಶಕದಲ್ಲಿ ಭಾರತದ ಹಲವು ಲಿಪಿಗಳಿಗೆ ರೂಪಿಸಿದ 'ಬಾಲೂ' ಕುಟುಂಬದ ಕನ್ನಡ ಸದಸ್ಯ ಇದು. ತೆಲುಗಿನದು 'ತಮ್ಮುಡು', ತಮಿಳಿನದು 'ತಂಬಿ'. ಮೊದಲ ಆವೃತ್ತಿಯು ಒಂದೇ ದಪ್ಪದಲ್ಲಿತ್ತು. ಅನಂತರದ 'ಬಾಲೂ 2' ಐದು ದಪ್ಪಗಳಲ್ಲಿ ಬಂದಿತು. ಮುಕ್ತ ಪರವಾನಗಿಯಿರುವುದರಿಂದ ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ತುಂಬಿದ ಮೈ ಮತ್ತು ಮೃದುವಾದ ತಿರುವುಗಳು ಇದರ ಲಕ್ಷಣ. ಈ ರೂಪವು ಶೀರ್ಷಿಕೆಗೆ ಒಪ್ಪುತ್ತದೆ. ದೀರ್ಘ ಪಠ್ಯವನ್ನು ಇದರಲ್ಲಿ ಓದುವುದು ಕಣ್ಣಿಗೆ ಆಯಾಸಕರ.

ಕನ್ನಡದಲ್ಲಿ ಅರ್ಥಭೇದವು ಅನೇಕ ವೇಳೆ ಅಲ್ಪ ಗುರುತನ್ನು ಅವಲಂಬಿಸಿದೆ. ದ ಮತ್ತು ಧ, ಪ ಮತ್ತು ಫ ಇವುಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸೀಳು. ಪ ಮತ್ತು ಷ ಇವುಗಳನ್ನು ಬೇರ್ಪಡಿಸುವುದು ಒಳಗಿನ ಒಂದು ಗೆರೆ. ಗೆರೆಯನ್ನು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಅಕ್ಷರದೊಳಗಿನ ಬಯಲು ಮುಚ್ಚಿ, ಈ ಗುರುತುಗಳು ಅಳಿಯುತ್ತವೆ. ಆದುದರಿಂದ ಗೆರೆಗಳು ಕೂಡುವೆಡೆ ದಪ್ಪವನ್ನು ತಗ್ಗಿಸಿ, ಒಳಬಯಲನ್ನು ಉಳಿಸಬೇಕಾಗುತ್ತದೆ.

ಹೊಸಪೇಟೆ–ಬಳ್ಳಾರಿ ಮಾರ್ಗದ ಪಾಪಿನಾಯಕನಹಳ್ಳಿಯ ಹೆಸರನ್ನೇ ಪರಿಶೀಲಿಸಬಹುದು. ಎಂಟು ಅಕ್ಷರಗಳ ಈ ಹೆಸರಿನಲ್ಲಿ ಪಕಾರವು ಎರಡು ಬಾರಿ ಬಂದಿದೆ. ಒಳಬಯಲು ಮುಚ್ಚಿದರೆ ಅದು ದೂರದ ಓದುಗನಿಗೆ ಷಕಾರದಂತೆ ತೋರಬಹುದು. ಕೊನೆಯ 'ಳ್ಳಿ'ಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಇವೆರಡಕ್ಕೂ ಎಡೆಮಾಡಲು ಉಳಿದೆಲ್ಲ ಅಕ್ಷರಗಳ ಮೈಯನ್ನು ಕುಗ್ಗಿಸಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ತೊಡಕಿಲ್ಲ. ಅವು ಸಾಲಿನ ಎತ್ತರವನ್ನು ಪೂರ್ಣವಾಗಿ ತುಂಬುತ್ತವೆ. ಹೀಗಾಗಿ ಒಂದೇ ಎತ್ತರದ ಎರಡು ಸಾಲುಗಳಲ್ಲಿ ಕನ್ನಡವೇ ಚಿಕ್ಕದಾಗಿ ಕಾಣುತ್ತದೆ. 'ಹಳ್ಳಿ' ಎಂದು ಕೊನೆಗೊಳ್ಳುವ ಎಲ್ಲ ಊರುಗಳ ಫಲಕಗಳಿಗೂ ಈ ಮಾತು ಅನ್ವಯಿಸುತ್ತದೆ.

ವಾಣಿಜ್ಯ ಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು ಕರ್ನಾಟಕದ 2024ರ ತಿದ್ದುಪಡಿ ಕಾಯಿದೆ ವಿಧಿಸಿದೆ. ಕಾಯಿದೆಯು ಕನ್ನಡಕ್ಕೆ ಸ್ಥಳವನ್ನು ದೊರಕಿಸಿದೆ. ಆ ಸ್ಥಳದಲ್ಲಿ ಕನ್ನಡವು ಸ್ಪಷ್ಟವಾಗಿ ಓದಿಸಿಕೊಳ್ಳುವುದು ಅಕ್ಷರದ ಆಯ್ಕೆಯನ್ನು ಅವಲಂಬಿಸಿದೆ. ಒತ್ತಕ್ಷರಕ್ಕೆ ಸಾಕಷ್ಟು ಎಡೆ, ತೆರೆದ ಒಳಬಯಲು, ಉಳಿದುಕೊಂಡ ಸೀಳು – ಈ ಮೂರನ್ನು ಪರೀಕ್ಷಿಸಿದ ಬಳಿಕವೇ ದುಂಡು ದಪ್ಪಕ್ಷರವನ್ನು ಫಲಕಕ್ಕೆ ಏರಿಸುವುದು ಯುಕ್ತ.