ಅಪ್ಪಣೆ ಮೀರಿದ ಗಂಟು

ನಮ್ಮ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಎಂಬ ಗ್ರಂಥಿಯೊಂದುಂಟು. ಅದು ಆಹಾರದಿಂದ ಬಂದ ಅಯೋಡಿನ್ನನ್ನು ಹೀರಿಕೊಂಡು, ಥೈರಾಕ್ಸಿನ್ ಮೊದಲಾದ ಹಾರ್ಮೋನುಗಳನ್ನು ಮಾಡಿ ರಕ್ತಕ್ಕೆ ಬಿಡುವುದು. ದೇಹದ ಶಾಖವೂ ಹೃದಯದ ವೇಗವೂ ಇವುಗಳ ಅಳತೆಯನ್ನು ಅನುಸರಿಸುವುವು. ಮುಖ್ಯೋಪಾಧ್ಯಾಯಿನಿಯವರ ಅಪ್ಪಣೆಯಂತೆ ತರಗತಿಗಳು ನಡೆಯುವ ಹಾಗೆ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಹಾರ್ಮೋನಿನ ಮೂಲಕ ಥೈರಾಯ್ಡನ್ನು ನಡೆಸುವುದು.

ಕೆಲವರಲ್ಲಿ ಈ ಗ್ರಂಥಿಯೊಳಗೆ ಗಂಟೊಂದು ಬೆಳೆದು, ಯಾವ ಅಪ್ಪಣೆಗೂ ಕಾಯದೆ ತಾನೇ ಹಾರ್ಮೋನನ್ನು ಸುರಿಸತೊಡಗುವುದುಂಟು. ಕಣ್ಣುಗುಡ್ಡೆಗಳು ಮುಂಚಾಚುವ ಗ್ರೇವ್ಸ್ ರೋಗಕ್ಕಿಂತ ಇದು ಬೇರೆಯಾದುದೆಂದು ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರಾದ ಹೆನ್ರಿ ಪ್ಲಮರ್ ಎಂಬವರು 1913ರಲ್ಲಿ ವಿವರಿಸಿದರು.

ಚೆನ್ನಾಗಿ ಉಂಡರೂ ಮೈ ಇಳಿಯುವುದು, ಎದೆ ಡವಗುಟ್ಟುವುದು, ಕೈ ನಡುಗುವುದು, ಸೆಕೆಯನ್ನು ತಾಳಲಾರದಿರುವುದು, ನಿದ್ರೆ ಕೆಡುವುದು, ಇವೇ ಇದರ ಲಕ್ಷಣಗಳು. ತಾಯಂದಿರಲ್ಲಿ ಇವನ್ನು ಸಂಸಾರದ ಚಿಂತೆಯೆಂದೂ ಅಜ್ಜಿಯಂದಿರಲ್ಲಿ ವಯೋಧರ್ಮವೆಂದೂ ಎಣಿಸಿ ನಾವು ಸುಮ್ಮನಿರಲಾಗದು. ವಯಸ್ಸಾದವರಲ್ಲಿ ನಾಡಿಯು ಕ್ರಮ ತಪ್ಪಿ, ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತವು ಮೆದುಳಿಗೆ ಸಾಗಿ, ಪಾರ್ಶ್ವವಾಯು ಬರುವ ಅಪಾಯವುಂಟು.

ಹಾಗಾದರೆ ರೋಗವನ್ನು ಗುರುತಿಸುವುದು ಹೇಗೆ? ಮೊದಲನೆಯದು ರಕ್ತಪರೀಕ್ಷೆ. ಥೈರಾಯ್ಡಿನ ಹಾರ್ಮೋನು ಹೆಚ್ಚಿದಾಗ ಪಿಟ್ಯುಟರಿಯು ಅಪ್ಪಣೆ ಕೊಡುವುದನ್ನು ನಿಲ್ಲಿಸುವುದರಿಂದ ಟಿ.ಎಸ್.ಎಚ್. ಬಹಳ ಕಡಿಮೆಯಾಗಿರುವುದು. ಆದರೆ ಹೆಚ್ಚಿದ್ದು ಇಡೀ ಗ್ರಂಥಿಯಿಂದಲೋ ಒಂದು ಗಂಟಿನಿಂದಲೋ ಎಂಬುದನ್ನು ರಕ್ತವೊಂದೇ ಹೇಳದು. ಆದಕಾರಣ, ವಿಕಿರಣ ಸೂಸುವ ಅಯೋಡಿನ್ನನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು ಗ್ರಂಥಿಯ ಚಿತ್ರ ತೆಗೆಯುವರು. ಗ್ರೇವ್ಸ್ ರೋಗದಲ್ಲಿ ಗ್ರಂಥಿಯೆಲ್ಲವೂ ಅದನ್ನು ಹೀರುವುದು. ಇಲ್ಲಿಯಾದರೋ ಗಂಟು ಮಾತ್ರ ಎದ್ದು ಕಾಣುವುದು, ಉಳಿದ ಭಾಗವು ಮಸುಕಾಗಿರುವುದು. ಇಂಥದನ್ನು ‘ಬಿಸಿ ಗಂಟು’ ಎನ್ನುವರು. ಗರ್ಭಿಣಿಯರಿಗೆ ಈ ಪರೀಕ್ಷೆಯನ್ನು ಮಾಡತಕ್ಕದ್ದಲ್ಲ. ಮೊಲೆಯುಣಿಸುವ ತಾಯಂದಿರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಗಂಟೆಂದ ಕೂಡಲೆ ಕ್ಯಾನ್ಸರೆಂದು ಮನೆಮಂದಿ ಕಂಗೆಡುವುದು ಸಹಜ. ಆದರೆ ಬಿಸಿ ಗಂಟು ಕ್ಯಾನ್ಸರಾಗಿರುವುದು ಬಹಳ ಅಪರೂಪ. ಅಯೋಡಿನ್ನನ್ನು ಹೀರದ ‘ತಣ್ಣನೆಯ’ ಗಂಟುಗಳಲ್ಲಿಯೂ ಹೆಚ್ಚಿನವು ನಿರಪಾಯವೇ. ಆದರೂ ಅವುಗಳಲ್ಲಿ ಸಂದೇಹವು ಹೆಚ್ಚಾದುದರಿಂದ, ಅಗತ್ಯವಿದ್ದರೆ ಸೂಜಿಯಿಂದ ಕಣಗಳನ್ನು ತೆಗೆದು ಪರೀಕ್ಷಿಸುವರು.

ಗುಳಿಗೆಗಳಿಂದ ಹಾರ್ಮೋನು ತಗ್ಗುವುದು. ಆದರೆ ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಏರುವುದು. ಶಾಶ್ವತ ಪರಿಹಾರವು ಶಸ್ತ್ರಕ್ರಿಯೆಯಿಂದಾಗಲಿ, ಹೆಚ್ಚಿನ ಪ್ರಮಾಣದ ವಿಕಿರಣ ಅಯೋಡಿನ್ನಿನಿಂದಾಗಲಿ ದೊರೆಯುವುದು. ಆದುದರಿಂದ ಮನೆಯಲ್ಲಿ ಯಾರಾದರೂ ಕಾರಣವಿಲ್ಲದೆ ಸೊರಗುತ್ತಿದ್ದರೆ, ಕೊರಳಲ್ಲಿ ಗಂಟು ಕಾಣಿಸದಿದ್ದರೂ, ಅವರ ರಕ್ತವನ್ನು ಒಮ್ಮೆ ಪರೀಕ್ಷಿಸಿಸುವುದು ನಮ್ಮ ಕರ್ತವ್ಯವಾಗಿದೆ.